ರೇಸ್ ಫಿಯಟ್ ಅನ್ನು ಮೆರವಣಿಗೆಗೆ ಸಜ್ಜು ಮಾಡುವ ಬಗೆ

ಚೆನ್ನೈ ಬಳಿಯ ಶೋಲಾವರಂ ರನ್‌ವೇ ಮೇಲೆ ರೇಸ್ ಓಡುತ್ತಿದ್ದಂಥ ಫಿಯಟ್ 1100 ನಿಮ್ಮಲ್ಲಿದ್ದರೆ, ಅದರ ವೇಗದ ಚಿಂತೆ ಬಿಡಿ. ಹಳೇ ಕಾರುಗಳ ಮೆರವಣಿಗೆಯಲ್ಲಿ ಅದಕ್ಕೆ ಕಾಡುವುದು ನಿಧಾನ. ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದ ಜುಬಿಲಿ ವೃತ್ತಕ್ಕೆ ಸುಮಾರು 20 ಕಿ.ಮೀ. ಅಷ್ಟೇ, ಆದರೆ ಉಣಕಲ್, ನವನಗರ ದಾಟುವಾಗ ನಿಂತು ನಿಂತು, ಒಂದು–ಎರಡನೇ ಗೇರಿನಲ್ಲೇ ತೆವಳಬೇಕು.

ಮೊದಲು ಶಾಖ. ಬೆಲ್ಟ್ ಫ್ಯಾನ್ ಐಡ್ಲಿಂಗ್‌ನಲ್ಲಿ ಮೆಲ್ಲಗೆ ತಿರುಗುವುದರಿಂದ ರೇಡಿಯೇಟರಿಗೆ ಗಾಳಿ ಸಾಲದು. ರೇಡಿಯೇಟರ್ ಬಿಚ್ಚಿ, ಕೆಳಗಿನ ಬಾಯಿಂದ ನೀರು ಹಾಯಿಸಿ ತೊಳೆಯಿರಿ. ಕೂಲಂಟ್, ಡಿಸ್ಟಿಲ್ಡ್ ವಾಟರ್ ಸಮಸಮ ತುಂಬಿ. ನಮ್ಮ ಕಡೆಯ ಬೋರ್‌ವೆಲ್ ನೀರು ಖಂಡಿತ ಬೇಡ, ಒಳಗೆ ಸುಣ್ಣದ ಪದರು ಕಟ್ಟುತ್ತದೆ. ರೇಡಿಯೇಟರಿನ ಮುಂದೆ 12 ವೋಲ್ಟ್ ಫ್ಯಾನ್ ಕೂಡಿಸಿದರೆ ಒಳ್ಳೆಯದು. ವೈರು ಅದಲುಬದಲಾದರೆ ಗಾಳಿ ಹೊರಗೆ ತಳ್ಳುತ್ತದೆ, ಹಾಳೆ ಹಿಡಿದು ನೋಡಿ. ಡೈನಮೋ ಇರುವ ಗಾಡಿ ಐಡ್ಲಿಂಗ್‌ನಲ್ಲಿ ಚಾರ್ಜ್ ಮಾಡುವುದಿಲ್ಲ. ಹಿಂದಿನ ರಾತ್ರಿ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ.

ಎರಡನೆಯದು ಪೆಟ್ರೋಲ್. ಇ20 (ಶೇ. 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್) ಯಲ್ಲಿನ ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಆದ್ದರಿಂದ ಪೈಪು, ಪಂಪಿನ ಡಯಾಫ್ರಮ್ ಎರಡನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ. ಗಾಳಿ–ಪೆಟ್ರೋಲ್ ಮಿಶ್ರಣವೂ ತೆಳುವಾಗುತ್ತದೆ: ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಸ್ಪಾರ್ಕ್ ಪ್ಲಗ್ ಬಣ್ಣ ನೋಡಿ, ತಿಳಿಗಂದು ಬರಬೇಕು. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾದರೆ ಎಂಜಿನ್ ನಿಲ್ಲುತ್ತದೆ. ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ, ಕಾರ್ಬುರೇಟರ್ ಕೆಳಗೆ ಫೈಬರ್ ಸ್ಪೇಸರ್ ಕೊಡಿ. ನಿಂತೇಬಿಟ್ಟರೆ ಬಾನೆಟ್ ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ 10–15 ನಿಮಿಷ ಕಾಯಿರಿ. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ನೀರು ತಾಗಬಾರದು, ಬೀಡು ಸೀಳುತ್ತದೆ.

ರೇಸಿನ ತಂಪು ಪ್ಲಗ್‌ಗಳು (ಶಾಖವನ್ನು ಬೇಗ ಬಿಟ್ಟುಕೊಡುವಂಥವು) ನಿಧಾನ ಓಟದಲ್ಲಿ ಮಸಿ ಹಿಡಿದು ಕಿಡಿ ಕೊಡದೆ ಹೋಗುತ್ತವೆ. ಒಂದೆರಡು ನಂಬರ್ ಬಿಸಿ ಪ್ಲಗ್ ಹಾಕಿ. ಎನ್‌ಜಿಕೆಯಲ್ಲಿ ಚಿಕ್ಕ ನಂಬರ್ ಅಂದರೆ ಬಿಸಿ, ಬಾಷ್‌ನಲ್ಲಿ ಇದು ಉಲ್ಟಾ. ಮೆರವಣಿಗೆ ಮುಗಿದ ಮೇಲೆ ಜೋರು ಓಡಿಸುವುದಿದ್ದರೆ ತಂಪು ಪ್ಲಗ್ ಮತ್ತೆ ಹಾಕದೆ ಓಡಿಸಬೇಡಿ, ಪಿಸ್ಟನ್ ಸುಟ್ಟೀತು. ಬ್ರೇಕ್ ಲೈನರ್‌ದೂ ಇದೇ ಮಾತು: ರೇಸ್ ಲೈನರ್ ಬಿಸಿಯಾಗದೆ ಹಿಡಿಯುವುದಿಲ್ಲ, ಸಾದಾ ಲೈನರ್ ಹಾಕಿಸಿ.

ಟೈರಿನ ಮೇಲೆ 2318 ಎಂದಿದ್ದರೆ ಅದು 2018ರ 23ನೇ ವಾರದ್ದು. ಹತ್ತು ವರ್ಷ ದಾಟಿದ್ದನ್ನು, ಟ್ರೆಡ್ಡಿನ ಗೀರು ಎಷ್ಟೇ ಆಳವಿರಲಿ, ತೆಗೆದುಹಾಕಿ. ಸೀಟಿನ ಬಳಿ 2 ಕೆ.ಜಿ. ಪೌಡರ್ ಅಗ್ನಿಶಾಮಕವನ್ನು ಬೋಲ್ಟ್ ಹಾಕಿ ಬಿಗಿಯಿರಿ.

ಕಾಗದದ ವಿಷಯವೂ ಇದೆ. 2021ರ ನಿಯಮದಂತೆ 50 ವರ್ಷ ಮೀರಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸದಕ್ಕೆ ಶುಲ್ಕ 20,000 ರೂ., ಅವಧಿ 10 ವರ್ಷ. ಆದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ರೇಸಿಗಾಗಿ ಕತ್ತರಿಸಿ ಬೆಸೆದ ಗಾಡಿ ಇಲ್ಲೇ ಸಿಕ್ಕಿಬೀಳುವುದು, ಹಾಗಾಗಿ ಅರ್ಜಿ ಹಾಕುವ ಮುನ್ನ ಮೂಲ ಭಾಗಗಳನ್ನು ಹುಡುಕಿ ಜೋಡಿಸಿಕೊಳ್ಳಿ.