ಸೇಬಿನ ಜ್ಯೂಸ್: ಕೊಳೆತದ್ದನ್ನು ಕೆತ್ತಿ ತೆಗೆದರೆ ಸಾಲದು

ಸೇಬು ತಂದ ಮನೆಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಗಟ್ಟಿ ಹಣ್ಣನ್ನು ತಿನ್ನಲು ಎತ್ತಿಟ್ಟು, ಮೆತ್ತಗಾದದ್ದನ್ನು ‘ಜ್ಯೂಸಿಗೆ ಆಯ್ತು’ ಎಂದು ಪಕ್ಕಕ್ಕಿಡುತ್ತಾರೆ. ಆಮೇಲೆ ಕೊಳೆತ ಜಾಗವನ್ನು ಚಾಕುವಿನ ತುದಿಯಿಂದ ಕೆತ್ತಿ ಬಿಸಾಡಿ, ಉಳಿದದ್ದನ್ನು ಮಿಕ್ಸಿಗೆ ಹಾಕುತ್ತಾರೆ. ಜ್ಯೂಸಿಗೇ ಒಳ್ಳೆಯ ಹಣ್ಣು ಬೇಕು. ಕಚ್ಚಿ ತಿನ್ನುವಾಗ ಕೆಟ್ಟ ತಿರುಳು ಕಣ್ಣಿಗೂ ನಾಲಿಗೆಗೂ ಸಿಕ್ಕಿಬೀಳುತ್ತದೆ, ಉಗಿದುಬಿಡುತ್ತೇವೆ. ಅರೆದು ಸಕ್ಕರೆ ಹಾಕಿದ ಮೇಲೆ ಯಾವುದೂ ಗೊತ್ತಾಗುವುದಿಲ್ಲ.

ಸೇಬನ್ನು ಕೊಳೆಸುವ ನೀಲಿ ಬೂಸ್ಟಿನ ಹೆಸರು ಪೆನಿಸಿಲಿಯಂ ಎಕ್ಸ್‌ಪ್ಯಾನ್ಸಂ. ಅದು ಉಂಟುಮಾಡುವ ವಿಷ ಪ್ಯಾಟುಲಿನ್. 1940ರ ದಶಕದಲ್ಲಿ ಇದನ್ನು ಆ್ಯಂಟಿಬಯಾಟಿಕ್ ಎಂದು ನಂಬಿ ಬ್ರಿಟನ್ನಿನಲ್ಲಿ ನೆಗಡಿಗೆ ಕೊಟ್ಟು ನೋಡಿದ್ದರು. ಗುಣ ಕಾಣಲಿಲ್ಲ, ಅದು ವಿಷವೆಂದು ಆಮೇಲೆ ತಿಳಿಯಿತು. ಇದು ಹೊಟ್ಟೆ, ಕರುಳನ್ನು ಕೆಡಿಸುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಒಂದು ಕೆಜಿ ಸೇಬಿನ ಜ್ಯೂಸಿನಲ್ಲಿ 50 ಮೈಕ್ರೋಗ್ರಾಂಗಿಂತ ಹೆಚ್ಚು ಪ್ಯಾಟುಲಿನ್ ಇರಕೂಡದು. ಯುರೋಪಿನಲ್ಲಿ ಎಳೆಯ ಮಕ್ಕಳ ಆಹಾರಕ್ಕೆ ಮಿತಿ ಕೆಜಿಗೆ 10 ಮೈಕ್ರೋಗ್ರಾಂ.

ಮೊದಲು ಆಯ್ಕೆ. ಕಾಶ್ಮೀರ, ಹಿಮಾಚಲದ ಹೊಸ ಸೇಬು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಧಾರಾಳವಾಗಿ ಬರುತ್ತದೆ. ನಾನು ಜ್ಯೂಸಿಗೆ ಸೇಬು ಕೊಳ್ಳುವುದು ಆಗ ಮಾತ್ರ. ಬೇಸಿಗೆಯಲ್ಲಿ ಸಿಗುವ ನಮ್ಮ ದೇಶದ ಸೇಬು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿದ್ದದ್ದು. ಈ ಬೂಸ್ಟು ಆ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಪೆಟ್ಟು ಬಿದ್ದದ್ದು, ಹುಳು ಕೊರೆದದ್ದು, ತೊಟ್ಟಿನ ಬಳಿ ಮೆತ್ತಗಿರುವುದು ಬೇಡ. ‘ಜ್ಯೂಸ್ ಹಣ್ಣು’ ಎಂದು ಅರ್ಧ ಬೆಲೆಗೆ ಕೊಡುವ ರಾಶಿಗೆ ಕೈ ಹಾಕಲೇಬೇಡಿ.

ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಹಣ್ಣು ತೊಳೆಯುವ ದುಬಾರಿ ದ್ರಾವಣಗಳಿಗೆ ದುಡ್ಡು ಹಾಕಬೇಡಿ, ತಿರುಳಿನೊಳಗಿನ ವಿಷವನ್ನು ಅವು ಮುಟ್ಟುವುದೂ ಇಲ್ಲ.

ಈಗ ಕತ್ತರಿಸುವುದು. ಎಲ್ಲರೂ ಎಡವುವುದು ಇಲ್ಲೇ. ಇಡೀ ಸೇಬನ್ನು ಜ್ಯೂಸರಿನ ಬಾಯಿಗೆ ತುರುಕಬೇಡಿ. ಪ್ರತಿ ಹಣ್ಣನ್ನೂ ತೊಟ್ಟಿನಿಂದ ಬುಡದವರೆಗೆ ನಾಲ್ಕು ಹೋಳು ಮಾಡಿ, ಬೀಜದ ಗೂಡನ್ನು ಬೆಳಕಿಗೆ ಹಿಡಿದು ನೋಡಿ. ಕೆಲವು ತಳಿಗಳಲ್ಲಿ, ಮುಖ್ಯವಾಗಿ ರೆಡ್ ಡೆಲಿಶಿಯಸ್‌ನಲ್ಲಿ, ಬುಡದ ಕುಳಿಯಿಂದ ಬೀಜದ ಗೂಡಿಗೆ ದಾರಿ ತೆರೆದೇ ಇರುತ್ತದೆ. ಅಲ್ಲಿಂದ ಬೂಸ್ಟು ಒಳಹೊಕ್ಕರೆ ಹೊರಗಿನ ಸಿಪ್ಪೆ ಥಳಥಳ ಹೊಳೆಯುತ್ತಿದ್ದರೂ ಒಳಗೆ ಬೂದು ನೂಲು, ಕಂದು ತಿರುಳು ಕಾಣುತ್ತದೆ. ಮೂಗಿನ ಹತ್ತಿರ ಹಿಡಿಯಿರಿ. ಹಳೆಯ ಉಗ್ರಾಣದ ಮುಗ್ಗಲು ವಾಸನೆ ಬಂದರೆ ಆ ಹಣ್ಣು ಪೂರ್ತಿ ಹೊರಗೆ. ಕೆತ್ತಿ ಉಳಿಸುವ ಮಾತೇ ಇಲ್ಲ, ಏಕೆಂದರೆ ಕೊಳೆತ ಅಂಚಿನಾಚೆ ಒಂದೆರಡು ಸೆಂಟಿಮೀಟರ್‌ವರೆಗೆ ಬೆಳ್ಳಗೆ ಕಾಣುವ ತಿರುಳಿಗೂ ವಿಷ ಇಳಿದಿರಬಹುದು. ಸೇಬಿನ ಗಾತ್ರಕ್ಕೆ ಅಷ್ಟು ಬಿಟ್ಟರೆ ಉಳಿಯುವುದಾದರೂ ಎಷ್ಟು? ಒಂದು ಲೆಕ್ಕ ಹಾಕಿ: ಕೊಳೆತ ತಿರುಳಿನಲ್ಲಿ ಕೆಜಿಗೆ 10 ಮಿಲಿಗ್ರಾಂ ಪ್ಯಾಟುಲಿನ್ ಇದ್ದರೆ, ಅದರ 10 ಗ್ರಾಂ ಚೂರಿನಲ್ಲಿ 100 ಮೈಕ್ರೋಗ್ರಾಂ. ಅದೊಂದು ಚೂರು ಸೇರಿದರೆ ಒಂದು ಲೀಟರ್ ಜ್ಯೂಸ್ ಮಿತಿಯ ಎರಡರಷ್ಟಾಯಿತು. ಕೆಟ್ಟ ಹಣ್ಣು ಕೊಯ್ದ ಚಾಕು, ಮಣೆ ತೊಳೆದೇ ಮುಂದಿನದಕ್ಕೆ ಕೈ ಹಾಕಿ.

‘ಕುದಿಸಿದರೆ ಆಯ್ತಲ್ಲ’ ಎನ್ನುವವರು ಬಹಳ. ಕುದಿಸಿದರೆ ಬೂಸ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಸೇಬಿನ ಹುಳಿಯಲ್ಲಿ ಪ್ಯಾಟುಲಿನ್ ಬಿಸಿಗೆ ಜಗ್ಗದೆ ಉಳಿಯುತ್ತದೆ. ಯೀಸ್ಟ್ ಹಾಕಿ ಹುದುಗಿಸಿದರೆ ಬಹುಪಾಲು ಒಡೆದುಹೋಗುತ್ತದೆ ನಿಜ, ಆದರೆ ಅದು ಸೈಡರ್ ಎಂಬ ಮದ್ಯ, ಮಕ್ಕಳಿಗೆ ಕೊಡುವ ಜ್ಯೂಸ್ ಅಲ್ಲ.

ಹೋಳುಗಳನ್ನು ಅರೆದು, ಸೋಸಿ, ನಿಂಬೆ ಹಿಂಡಿ ಕೂಡಲೇ ಕುಡಿಯಿರಿ.

ಬಿಸಾಡಿದ ಹಣ್ಣನ್ನು ಹಾಳಾಗುತ್ತದಲ್ಲ ಎಂದು ಹಸುವಿನ ಮುಂದಿಡಬೇಡಿ, ಅದಕ್ಕೂ ಅದು ವಿಷವೇ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯಿರಿ. ಅದರ ಜೊತೆ ಒಂದೇ ಚೀಲದಲ್ಲಿದ್ದ ಉಳಿದ ಸೇಬುಗಳನ್ನು ಅವತ್ತೇ ಒಂದೊಂದಾಗಿ ಕೊಯ್ದು ನೋಡಿ.