ಮೇಷ್ಟ್ರ ದುಡ್ಡಿನ ಹಿಂದೆ

2023ರಲ್ಲಿ ನಾನು ಒಂದು ಜಿಲ್ಲೆಯ ಸೆನ್ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರೂ ನಮ್ಮ ತಲೆಗೇ. ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ‘ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಲೈನ್ ಕಟ್ ಆಗುತ್ತೆ’ ಅಂತ ಮೆಸೇಜ್ ಬಂದಿತ್ತಂತೆ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದಾರೆ, ಅವನು ಹೇಳಿದ ಆ್ಯಪ್ ಹಾಕಿಕೊಂಡಿದ್ದಾರೆ. ಹತ್ತು ರೂಪಾಯಿ ಕಟ್ಟಿ ನೋಡಿ ಅಂದನಂತೆ. ಇವರು ಒತ್ತಿದ್ದೆಲ್ಲ ಆ ಕಡೆ ಕಾಣುತ್ತಿತ್ತು. ಹೋದದ್ದು 4,80,000 ರೂಪಾಯಿ.

“ಯಾವಾಗ ಆಗಿದ್ದು ಮೇಷ್ಟ್ರೇ?”

“ಮೊನ್ನೆ ಸಂಜೆ ಸಾರ್. ಮಗನಿಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ.”

ಆ ‘ಮೊನ್ನೆ’ ಕೇಳಿಯೇ ನನ್ನ ಅರ್ಧ ಜೀವ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ ದೂರು ನೇರ ಬ್ಯಾಂಕುಗಳಿಗೆ ಹೋಗುತ್ತದೆ, ಖಾತೆಯಲ್ಲಿ ಉಳಿದ ದುಡ್ಡಿಗೆ ತಡೆ ಬೀಳುತ್ತದೆ. ಮೊದಲ ಒಂದೆರಡು ಗಂಟೆಯ ಆಟ ಅದು. ಆದರೂ ಅಲ್ಲಿಂದಲೇ ಕರೆ ಮಾಡಿಸಿದೆ. 62,000 ಎಲ್ಲೋ ಒಂದು ಖಾತೆಯಲ್ಲಿ ಸಿಕ್ಕಿಬಿತ್ತು.

ಉಳಿದದ್ದನ್ನು ಹುಡುಕುವುದೇ ತನಿಖೆ. ಮೊದಲ ಖಾತೆಯಿಂದ ಆರು ಖಾತೆಗೆ, ಅಲ್ಲಿಂದ ಹತ್ತೊಂಬತ್ತಕ್ಕೆ ಹರಿದಿತ್ತು. ಇದಕ್ಕೆ ನಾವು ಲೇಯರ್ ಅನ್ನುತ್ತೇವೆ. ದಾಖಲೆ ಕೊಡಿ ಅಂತ ಪ್ರತಿ ಬ್ಯಾಂಕಿಗೂ ಆಗಿನ ಅಪರಾಧ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 91ರ ನೋಟಿಸ್ ಬರೆದೆ. ಒಂದು ಬ್ಯಾಂಕ್ ಎರಡೇ ದಿನದಲ್ಲಿ ಉತ್ತರ ಕೊಟ್ಟಿತು, ಇನ್ನೊಂದು ನಲವತ್ತು ದಿನ ತೆಗೆದುಕೊಂಡಿತು. ಬಂದ ಸ್ಟೇಟ್‌ಮೆಂಟುಗಳು ಒಂದರಂತೆ ಒಂದಿಲ್ಲ. ಬಿಕಾಂ ಓದಿದ ಕಾನ್‌ಸ್ಟೇಬಲ್ ಒಬ್ಬ ರಾತ್ರಿ ಕೂತು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದ. ಆ ಹುಡುಗ ಇಲ್ಲದಿದ್ದರೆ ನಾನು ಮೊದಲ ಲೇಯರ್‌ನಲ್ಲೇ ಮುಳುಗುತ್ತಿದ್ದೆ. ದುಡ್ಡು ತೆಗೆದ ಎಟಿಎಂ ಗೊತ್ತಾಯಿತು. ಆದರೆ ನಾವು ಕೇಳುವಷ್ಟರಲ್ಲಿ ಅಲ್ಲಿನ ಕ್ಯಾಮೆರಾ ದೃಶ್ಯ ಅಳಿಸಿಹೋಗಿತ್ತು.

ಫೋನ್ ಇದ್ದದ್ದು ಜಾರ್ಖಂಡ್‌ನಲ್ಲಿ, ಸಿಮ್ ಅಸ್ಸಾಂ ವಿಳಾಸದ್ದು, ಖಾತೆ ಬಂಗಾಳದ್ದು. ಎರಡು ರಾತ್ರಿ ರೈಲಿನಲ್ಲಿ ಹೋಗಿ ಖಾತೆಯವನನ್ನು ಹಿಡಿದೆವು. ಗಾರೆ ಕೆಲಸಕ್ಕೆ ಹೋಗುವ ಹುಡುಗ. ಐದು ಸಾವಿರಕ್ಕೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಯಾರಿಗೋ ಕೊಟ್ಟಿದ್ದ. ಯಾರಿಗೆ ಅಂದರೆ ಒಂದು ಅಡ್ಡಹೆಸರು ಹೇಳಿದ, ಅಷ್ಟೇ. ಬಂಧಿಸದೆ, ವಿಚಾರಣೆಗೆ ಬರಬೇಕು ಅನ್ನುವ ಸಿಆರ್‌ಪಿಸಿ 41ಎ ನೋಟಿಸ್ ಕೊಟ್ಟು ವಾಪಸ್ ಬಂದೆವು. ಲೆಕ್ಕಕ್ಕೆ ಒಬ್ಬ ಆರೋಪಿ ಸಿಕ್ಕ. ಫೋನ್ ಮಾಡಿದವನು ಸಿಗಲಿಲ್ಲ.

ಆ ವರ್ಷದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ವರದಿ ಬಂದಾಗ ಮೊದಲು ಸೈಬರ್ ಪಟ್ಟಿಯನ್ನೇ ತೆಗೆದೆ. ದೇಶದಲ್ಲಿ 86,420 ಪ್ರಕರಣ, ಹಿಂದಿನ ವರ್ಷ 65,893 ಇತ್ತು. ಕರ್ನಾಟಕ 12,556ರಿಂದ 21,889ಕ್ಕೆ ಏರಿ ಮೊದಲ ಸ್ಥಾನದಲ್ಲಿತ್ತು. ಟೀವಿಯವರು ಇಲ್ಲಿ ಕಳ್ಳರು ಜಾಸ್ತಿ ಅನ್ನುವ ಹಾಗೆ ಹೇಳಿದರು. ನನಗೆ ಹಾಗನಿಸುವುದಿಲ್ಲ. ದುಡ್ಡು ಕಳೆದುಕೊಂಡವರು ಇಲ್ಲಿ ಎಫ್‌ಐಆರ್ ಮಾಡಿಸುತ್ತಾರೆ, ಕರೆ ಮಾಡಿದವನು ಎಲ್ಲೋ ಇರುತ್ತಾನೆ. ಎಫ್‌ಐಆರ್ ಆಗದ ದೂರುಗಳಂತೂ ಆ ಪಟ್ಟಿಗೆ ಬರುವುದೇ ಇಲ್ಲ.

ಇನ್ನೊಂದು ತೊಡಕು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಈ ಕೇಸುಗಳನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನವರೇ ತನಿಖೆ ಮಾಡಬೇಕು. ಚುರುಕಾದ ಪಿಎಸ್‌ಐ ಪಕ್ಕದಲ್ಲೇ ಇದ್ದರೂ ಕಡತ ಮಾತ್ರ ನನ್ನದೇ. ನಡುವೆ ಗಣೇಶ ಹಬ್ಬದ ಬಂದೋಬಸ್ತ್ ಬಂತೆಂದರೆ ಬ್ಯಾಂಕಿನ ನೋಟಿಸ್ ಹಾಗೇ ಕೂರುತ್ತದೆ. ಅಷ್ಟರಲ್ಲಿ ದುಡ್ಡು ಇನ್ನೆರಡು ಲೇಯರ್ ದಾಟಿರುತ್ತದೆ, ಅಲ್ವಾ?

ತಡೆಹಿಡಿದ 62,000 ಕೋರ್ಟ್ ಆದೇಶದ ಮೇಲೆ ಮೇಷ್ಟ್ರಿಗೆ ವಾಪಸ್ ಸಿಕ್ಕಿತು. ಆದೇಶದ ಪ್ರತಿ ಒಯ್ಯಲು ಬಂದಾಗ ಜೊತೆಗೆ ಮಗನೂ ಇದ್ದ.