ದಲಾಲಿ ಅಂಗಡಿಯಲ್ಲಿ ಕೂತು ಇಂಗ್ಲಿಷ್ ವಾಕ್ಯ ಕಲಿತದ್ದು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಓದಿದ್ದು ಹಾವೇರಿ ಜಿಲ್ಲೆಯ ಕನ್ನಡ ಶಾಲೆಯಲ್ಲಿ. ನಮ್ಮ ಮಾಲು ಕೊಳ್ಳುವವರಲ್ಲಿ ಹೊರರಾಜ್ಯದವರೇ ಜಾಸ್ತಿ. ಅವರಿಗೆ ಮೇಲ್, ವಾಟ್ಸಾಪ್ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು. ಪದಗಳಿಗೇನೂ ಬರವಿರಲಿಲ್ಲ. ಮಾಯಿಶ್ಚರ್, ಸ್ಯಾಂಪಲ್, ರೇಟ್, ಪೇಮೆಂಟ್, ಕೋಲ್ಡ್ ಸ್ಟೋರೇಜ್ ನಮ್ಮ ಹಮಾಲರಿಗೂ ಗೊತ್ತು. ತೊಡಕಿದ್ದದ್ದು ಅವನ್ನು ವಾಕ್ಯದಲ್ಲಿ ಕೂರಿಸುವುದರಲ್ಲಿ. ಅದಕ್ಕೇ ಹೈಸ್ಕೂಲಿನ ಇಂಗ್ಲಿಷ್ ವ್ಯಾಕರಣವನ್ನು ಮತ್ತೆ ತೆಗೆದೆ.

ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಏಳು ಹೆಸರುಗಳು ಅಲ್ಲಿದ್ದವು: ಅಸರ್ಟಿವ್, ಇಂಟರಾಗೇಟಿವ್, ಇಂಪರೇಟಿವ್, ಎಕ್ಸ್‌ಕ್ಲಮೇಟರಿ, ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್. ಏಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ತಲೆ ಕೆಡುತ್ತದೆ. ಮೊದಲ ನಾಲ್ಕು ವಾಕ್ಯ ಏನು ಕೆಲಸ ಮಾಡುತ್ತದೆ ಅನ್ನುವುದಕ್ಕೆ: ಹೇಳುವುದು, ಕೇಳುವುದು, ಮಾಡಲು ಹೇಳುವುದು, ಉದ್ಗಾರ. ಉಳಿದ ಮೂರು ವಾಕ್ಯವನ್ನು ಹೇಗೆ ಕಟ್ಟಿದೆ ಅನ್ನುವುದಕ್ಕೆ. ‘ವಿಲ್ ಯೂ ಪೇ ವೆನ್ ದ ಲಾರಿ ರೀಚಸ್?’ ಎಂಬುದು ಪ್ರಶ್ನೆಯೂ ಹೌದು, ‘ವೆನ್’ ತುಂಡು ಒಂಟಿಯಾಗಿ ನಿಲ್ಲದೆ ಮುಖ್ಯ ತುಂಡನ್ನು ಆತುಕೊಂಡಿರುವುದರಿಂದ ಕಾಂಪ್ಲೆಕ್ಸೂ ಹೌದು. ಇಷ್ಟು ಬಿಡಿಸಿಕೊಂಡ ಮೇಲೆ ಅರ್ಧ ಕೆಲಸ ಹಗುರಾಯಿತು.

ನನಗೆ ಹೆಚ್ಚು ಹೊತ್ತು ಹಿಡಿದದ್ದು ಕಟ್ಟುವ ಕೆಲಸ. ನಾವು ಮಾತಾಡುವುದು ಹೀಗೆ: ‘ಮಾಲು ಒಣಗಿಸಿ, ಚೀಲ ತುಂಬಿ, ತೂಕ ಮಾಡಿ, ಲಾರಿಗೆ ಹೇರಿದೆವು.’ ಪೂರ್ತಿ ಕ್ರಿಯಾಪದ ಕೊನೆಯಲ್ಲಿ ಒಂದೇ. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಕಾಲ ಹಚ್ಚಬೇಕು: ‘ವಿ ಡ್ರೈಡ್ ದ ಚಿಲ್ಲಿಸ್, ಫಿಲ್ಡ್ ದ ಬ್ಯಾಗ್ಸ್, ವೇಯ್ಡ್ ದೆಮ್ ಆಂಡ್ ಲೋಡೆಡ್ ದ ಲಾರಿ.’ ಇಲ್ಲಿ ಕರ್ತೃ ‘ವಿ’ ಒಂದೇ, ಹಾಗಾಗಿ ನಾನು ಇದನ್ನು ಸಿಂಪಲ್ ಅಂತಲೇ ಎಣಿಸುತ್ತೇನೆ. ‘ಆಂಡ್ ದ ಡ್ರೈವರ್ ಲೆಫ್ಟ್ ಅಟ್ ಸಿಕ್ಸ್’ ಅಂತ ಸೇರಿಸಿದರೆ ಇನ್ನೊಂದು ಕರ್ತೃ-ಕ್ರಿಯಾಪದದ ಜೋಡಿ ಬಂತು, ಆಗ ಕಾಂಪೌಂಡ್. ಪದ ಎಣಿಸುವುದು ಬೇಡ, ಜೋಡಿ ಎಣಿಸಿದರೆ ಸಾಕು. ಸಿಂಪಲ್ ಅಂದರೆ ಸಣ್ಣ ವಾಕ್ಯ ಅಂತ ಬಹಳ ಜನ ತಿಳಿದಿದ್ದಾರೆ, ಅದು ಎರಡು ಸಾಲು ಉದ್ದವೂ ಇರಬಹುದು.

ಕಾಂಪೌಂಡಿಗೆ ನಮ್ಮ ಮಾಲಿನ ಗುಣವೇ ಸಾಕು: ‘ಬ್ಯಾಡಗಿ ಚಿಲ್ಲಿ ಈಸ್ ಡೀಪ್ ರೆಡ್, ಬಟ್ ಇಟ್ ಈಸ್ ನಾಟ್ ವೆರಿ ಹಾಟ್.’ ಎರಡು ತುಂಡನ್ನೂ ಬಿಡಿಬಿಡಿಯಾಗಿ ನಿಲ್ಲಿಸಬಹುದು. ಆಂಡ್, ಬಟ್, ಆರ್, ಸೋ ಇವು ಸಮ ತೂಕದ ತುಂಡುಗಳನ್ನು ಕೂಡಿಸುತ್ತವೆ. ಬರೀ ಕಾಮಾ ಹಾಕಿದರೆ ಕೂಡುವುದಿಲ್ಲ. ‘ದ ರೇಟ್ ಈಸ್ ಹೈ, ವಿ ವಿಲ್ ವೇಟ್’ ಅಂತ ಬರೆಯುವವರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿ ಒಂದು ‘ಸೋ’ ಬೇಕು, ಇಲ್ಲವೇ ಪೂರ್ಣವಿರಾಮ.

ಕಾಂಪ್ಲೆಕ್ಸಿಗೆ ದಾರಿ ಸಿಕ್ಕಿದ್ದು ಕನ್ನಡದಿಂದಲೇ. ಮಳೆ ಬಂದರೆ, ಮಳೆ ಬಂದಾಗ, ಮಳೆ ಬಂದದ್ದಕ್ಕೆ, ಮಳೆ ಬಂದರೂ. ನಾವು ಬಾಲಕ್ಕೆ ಹಚ್ಚುವುದನ್ನು ಇಂಗ್ಲಿಷಿನವರು ತಲೆಗೆ ಹಚ್ಚುತ್ತಾರೆ: ಇಫ್, ವೆನ್, ಬಿಕಾಸ್, ಆಲ್ದೋ. ಈ ನಾಲ್ಕನ್ನು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಂಡೆ. ‘ಮಳೆ ಬಂದದ್ದಕ್ಕೆ’ ಅಂದು ಸುಮ್ಮನಾದರೆ ಕೇಳುವವನು ‘ಮುಂದೇನ್ರಿ?’ ಅನ್ನುತ್ತಾನೆ ಅಲ್ವಾ? ‘ಬಿಕಾಸ್ ಇಟ್ ರೇನ್ಡ್’ ಅಂತ ಬರೆದು ಚುಕ್ಕಿ ಇಟ್ಟರೂ ಅದೇ ಪ್ರಶ್ನೆ. ‘ಆಲ್ದೋ’ ಹಾಕಿದ ಮೇಲೆ ಅದೇ ವಾಕ್ಯದಲ್ಲಿ ‘ಬಟ್’ ಬೇಡ. ‘ಬಂದರೂ’ ಅಂದ ಮೇಲೆ ಮತ್ತೆ ‘ಆದರೆ’ ಯಾಕೆ?

‘ನೀವು ಸೋಮವಾರ ಕಳಿಸಿದ ಮಾಲು’ ಇನ್ನೊಂದು ಬಗೆ. ನಮ್ಮಲ್ಲಿ ವಿವರಣೆಯೆಲ್ಲ ಮಾಲಿಗಿಂತ ಮುಂಚೆ. ಇಂಗ್ಲಿಷಿನಲ್ಲಿ ಮಾಲು ಮೊದಲು, ವಿವರಣೆ ಆಮೇಲೆ, ಅದಕ್ಕೆ ತನ್ನದೇ ಕ್ರಿಯಾಪದ: ‘ದ ಲಾಟ್ ದಟ್ ಯೂ ಸೆಂಟ್ ಆನ್ ಮಂಡೇ.’ ಇದು ತಿಳಿದ ಮೇಲೆ ಖರೀದಿದಾರರ ಉದ್ದದ ಮೇಲ್ ಓದುವುದು ಸಲೀಸಾಯಿತು. ‘ಇಫ್ ದ ಕಲರ್ ಆಫ್ ದ ಲಾಟ್ ದಟ್ ಯೂ ಸೆಂಟ್ ಆನ್ ಮಂಡೇ ಮ್ಯಾಚಸ್ ದ ಸ್ಯಾಂಪಲ್, ವಿ ವಿಲ್ ರಿಲೀಸ್ ದ ಬ್ಯಾಲೆನ್ಸ್.’ ಇಫ್, ದಟ್ ಹಿಡಿದ ತುಂಡುಗಳನ್ನು ಪೆನ್ಸಿಲ್‌ನಿಂದ ಕಂಸದೊಳಗೆ ಹಾಕುತ್ತೇನೆ. ಹೊರಗೆ ಉಳಿಯುವುದು ‘ವಿ ವಿಲ್ ರಿಲೀಸ್ ದ ಬ್ಯಾಲೆನ್ಸ್.’ ಸಾವ್ಕಾರ್ರಿಗೆ ಮೊದಲು ಅದನ್ನು ಓದಿ ಹೇಳಿ, ಆಮೇಲೆ ಷರತ್ತು ಹೇಳುತ್ತೇನೆ.

ಮೊದಲ ನಾಲ್ಕರಲ್ಲಿ ಎಕ್ಸ್‌ಕ್ಲಮೇಟರಿಯನ್ನು ಬಿಟ್ಟುಬಿಡಿ. ‘ವಾಟ್ ಎ ಕಲರ್!’ ಅಂತ ವ್ಯಾಪಾರದ ಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಇಂಪರೇಟಿವ್ ಮಾತ್ರ ನಾಜೂಕು. ‘ರೊಕ್ಕ ಕಳಿಸ್ರಿ’ ಅನ್ನುವಾಗ ಮರ್ಯಾದೆ ಆ ‘ರಿ’ಯಲ್ಲೇ ಇರುತ್ತದೆ. ‘ಸೆಂಡ್ ದ ಪೇಮೆಂಟ್’ನಲ್ಲಿ ಅಂಥದ್ದೇನೂ ಇಲ್ಲ, ಸಾಲಗಾರನ ಮನೆ ಬಾಗಿಲಲ್ಲಿ ನಿಂತ ಹಾಗೆ ಕೇಳುತ್ತದೆ. ಅದನ್ನೇ ಪ್ರಶ್ನೆ ಮಾಡಿ ‘ಕುಡ್ ಯೂ ಸೆಂಡ್ ದ ಪೇಮೆಂಟ್ ಬೈ ಥರ್ಸ್‌ಡೇ?’ ಅಂದರೆ ವಿನಂತಿ ಆಗುತ್ತದೆ. ರೂಪ ಪ್ರಶ್ನೆಯದು, ಕೆಲಸ ವಿನಂತಿಯದು.

ಪ್ರಶ್ನೆಯಲ್ಲೂ ಒಂದು ಗಂಟು ಇದೆ. ‘ವೇರ್ ಈಸ್ ದ ಲಾರಿ?’ ಸರಿ. ಆದರೆ ಅದನ್ನು ಇನ್ನೊಂದು ವಾಕ್ಯದೊಳಗೆ ಇಟ್ಟಾಗ ‘ಪ್ಲೀಸ್ ಟೆಲ್ ಮಿ ವೇರ್ ದ ಲಾರಿ ಈಸ್’ ಅಂತ ‘ಈಸ್’ ಕೊನೆಗೆ ಹೋಗಬೇಕು. ಸೀಸನ್ನಿನ ಗಡಿಬಿಡಿಯಲ್ಲಿ ಕೈ ಈಗಲೂ ಹಳೆ ದಾರಿ ಹಿಡಿಯುತ್ತದೆ. ಅದಕ್ಕೇ ‘ಟೆಲ್ ಮಿ’, ‘ಡು ಯೂ ನೋ’ ಇರುವ ಮೇಲ್‌ಗಳನ್ನು ಕಳಿಸುವ ಮುಂಚೆ ಇನ್ನೊಮ್ಮೆ ಓದುತ್ತೇನೆ. ಚೀಲದ ಲೆಕ್ಕ, ರೇಟು, ಬಾಕಿ ಇರುವ ಕಡೆ ಸಿಂಪಲ್ ವಾಕ್ಯ ಬಿಟ್ಟು ಬೇರೆ ಬರೆಯುವುದಿಲ್ಲ. ಷರತ್ತು ಇದ್ದರೆ ಮಾತ್ರ ಒಂದು ‘ಇಫ್’.